ದ್ಯುತಿ ತಂತು ಸಂವೇದಕಗಳಿಂದ ಬಾಗುವಿಕೆ ಮತ್ತು ವೇಗೋತ್ಕರ್ಷದ ಮಾಪನ

ದ್ಯುತಿ ತಂತು ಸಂವೇದಕವು ತೆಳುವಾದ ಗಾಜಿನ ಎಳೆಯೊಳಗೆ ಸಾಗುವ ಬೆಳಕಿನಲ್ಲಾಗುವ ಬದಲಾವಣೆಯನ್ನು ಗುರುತಿಸಿ ಹಿಗ್ಗುವಿಕೆ, ಬಾಗುವಿಕೆ, ಕಂಪನ, ಉಷ್ಣತೆ ಮೊದಲಾದವುಗಳನ್ನು ಅಳೆಯುವ ಸಾಧನವಾಗಿದೆ. ದೂರಸಂಪರ್ಕದಲ್ಲಿ ಬಳಸುವ ಆಪ್ಟಿಕಲ್ ಫೈಬರ್ ಎಳೆಯೇ ಇದಕ್ಕೂ ಆಧಾರ. ಇವುಗಳಲ್ಲಿ ಬ್ರ್ಯಾಗ್ ಗ್ರೇಟಿಂಗ್ ಬಗೆಯು ಪ್ರಮುಖವಾದುದು. ಅದು ನೇರವಾಗಿ ಅರಿಯುವುದು ಮುಖ್ಯವಾಗಿ ಎಳೆಯ ಹಿಗ್ಗು-ಕುಗ್ಗು ಮತ್ತು ಉಷ್ಣತೆಯನ್ನು. ಆದ್ದರಿಂದ ಬಾಗುವಿಕೆಯನ್ನಾಗಲಿ ವೇಗೋತ್ಕರ್ಷವನ್ನಾಗಲಿ ಅಳೆಯಲು ಮೊದಲು ಅದನ್ನು ಹಿಗ್ಗುವಿಕೆಯಾಗಿ ಪರಿವರ್ತಿಸಬೇಕಾಗುತ್ತದೆ.

ಕಾರ್ಯತತ್ತ್ವ

ಎಳೆಯ ತಿರುಳಿನಲ್ಲಿ ವಕ್ರೀಭವನ ಸೂಚ್ಯಂಕವು ಸಮಾನ ಅಂತರಗಳಲ್ಲಿ ಏರಿಳಿಯುವಂತೆ ಮಾಡಿದ ಭಾಗವೇ ಗ್ರೇಟಿಂಗ್. 1978ರಲ್ಲಿ ಕೆನಡಾದ ಕೆನ್ ಹಿಲ್ ಮತ್ತು ಸಂಗಡಿಗರು ಇದನ್ನು ಮೊದಲು ಪ್ರದರ್ಶಿಸಿದರು. 1989ರಲ್ಲಿ ಗೆರಾಲ್ಡ್ ಮೆಲ್ಟ್ಜ್ ಮತ್ತು ಸಂಗಡಿಗರು ಎಳೆಯ ಪಕ್ಕದಿಂದ ಅತಿನೇರಳೆ ಕಿರಣಗಳನ್ನು ಹಾಯಿಸಿ ಗ್ರೇಟಿಂಗ್ ರಚಿಸುವ ವಿಧಾನವನ್ನು ಪ್ರಕಟಿಸಿದರು.

ಗ್ರೇಟಿಂಗ್ ಒಂದು ನಿರ್ದಿಷ್ಟ ತರಂಗಾಂತರದ ಬೆಳಕನ್ನು ಮಾತ್ರ ಹಿಂದಕ್ಕೆ ಪ್ರತಿಫಲಿಸುತ್ತದೆ. ಉಳಿದ ಬೆಳಕು ಮುಂದೆ ಸಾಗುತ್ತದೆ. ಎಳೆ ಹಿಗ್ಗಿದಾಗ ಗ್ರೇಟಿಂಗಿನ ಅಂತರವೂ ಹೆಚ್ಚಿ, ಪ್ರತಿಫಲಿತ ತರಂಗಾಂತರ ಉದ್ದವಾಗುತ್ತದೆ. 1550 ನ್ಯಾನೋಮೀಟರಿನ ಆಸುಪಾಸಿನಲ್ಲಿ, ಎಳೆಯು ತನ್ನ ಉದ್ದದ ದಶಲಕ್ಷದಲ್ಲಿ ಒಂದು ಭಾಗದಷ್ಟು ಹಿಗ್ಗಿದರೆ ತರಂಗಾಂತರವು ಸುಮಾರು 1.2 ಪಿಕೋಮೀಟರಿನಷ್ಟು ಸರಿಯುತ್ತದೆ.

ಬಾಗುವಿಕೆಯ ಮಾಪನ

ಪಟ್ಟಿಯೊಂದನ್ನು ಬಾಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ನಡುವಿನ ತಟಸ್ಥ ಪದರದ ಉದ್ದ ಬದಲಾಗುವುದಿಲ್ಲ. ಆದುದರಿಂದ ಎಳೆಯನ್ನು ತಟಸ್ಥ ಪದರದಿಂದ ದೂರದಲ್ಲಿ ಅಂಟಿಸುತ್ತಾರೆ. ಈ ದೂರವನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿದರೆ ಹಿಗ್ಗುವಿಕೆಯ ಪ್ರಮಾಣ ದೊರೆಯುತ್ತದೆ. ಉದಾಹರಣೆಗೆ, ದೂರ 1 ಮಿಲಿಮೀಟರ್ ಮತ್ತು ತ್ರಿಜ್ಯ 1 ಮೀಟರ್ ಆಗಿದ್ದರೆ ಎಳೆಯು ಸಾವಿರದಲ್ಲಿ ಒಂದು ಭಾಗ ಹಿಗ್ಗುತ್ತದೆ. ತರಂಗಾಂತರವು ಸುಮಾರು 1.2 ನ್ಯಾನೋಮೀಟರ್ ಸರಿಯುತ್ತದೆ.

ವೇಗೋತ್ಕರ್ಷದ ಮಾಪನ

ಒಂದು ತುದಿಯನ್ನು ಬಿಗಿದ ತೆಳು ಪಟ್ಟಿಯ ಇನ್ನೊಂದು ತುದಿಯಲ್ಲಿ ಸಣ್ಣ ತೂಕವನ್ನು ಕೂರಿಸುತ್ತಾರೆ. ಆಧಾರವು ವೇಗೋತ್ಕರ್ಷಕ್ಕೆ ಒಳಗಾದಾಗ ತೂಕವು ಜಡತ್ವದಿಂದ ಹಿಂದುಳಿದು ಪಟ್ಟಿಯನ್ನು ಬಾಗಿಸುತ್ತದೆ. ಮುಂದಿನದು ಮೇಲೆ ಹೇಳಿದ ಬಾಗುವಿಕೆಯ ಮಾಪನವೇ. ಇಂತಹ ಸಾಧನವು ತನ್ನ ಸಹಜ ಆವೃತ್ತಿಗಿಂತ ಸಾಕಷ್ಟು ಕೆಳಗಿನ ಕಂಪನಗಳನ್ನು ಮಾತ್ರ ನಿಷ್ಠೆಯಿಂದ ಅಳೆಯಬಲ್ಲದು. ಪಟ್ಟಿಯನ್ನು ಗಡುಸಾಗಿಸಿ ಸಹಜ ಆವೃತ್ತಿಯನ್ನು ಎರಡರಷ್ಟು ಮಾಡಿದರೆ, ಅದೇ ವೇಗೋತ್ಕರ್ಷಕ್ಕೆ ತೂಕದ ಸರಿತ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ವೇಗದ ಕಂಪನವನ್ನು ಹಿಡಿಯಬೇಕಾದರೆ ಸೂಕ್ಷ್ಮತೆಯನ್ನು ಬಿಟ್ಟುಕೊಡಬೇಕು.

ಉಷ್ಣತೆಯ ಪ್ರಭಾವ

ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೂ ತರಂಗಾಂತರವು ಸುಮಾರು 10 ಪಿಕೋಮೀಟರ್ ಸರಿಯುತ್ತದೆ. ಒಂದೇ ಗ್ರೇಟಿಂಗಿನಿಂದ ಈ ಎರಡು ಕಾರಣಗಳನ್ನು ಬೇರ್ಪಡಿಸಲಾಗದು. ಮುಂಜಾನೆಯಿಂದ ಮಧ್ಯಾಹ್ನಕ್ಕೆ 10 ಡಿಗ್ರಿ ಏರಿದರೆ, ದಶಲಕ್ಷದಲ್ಲಿ ಸುಮಾರು 80 ಭಾಗದ ಹಿಗ್ಗುವಿಕೆಯಂತೆಯೇ ಅದು ತೋರುತ್ತದೆ. ಸೇತುವೆಯ ಮೇಲಿನ ಬಿಸಿಲನ್ನು ಹೊರೆಯೆಂದು ಓದುವ ಅಪಾಯವಿದೆ. ಇದರ ಪರಿಹಾರಕ್ಕಾಗಿ ಪಟ್ಟಿಯ ಎರಡೂ ಮೈಗಳ ಮೇಲೆ ಗ್ರೇಟಿಂಗ್ ಅಂಟಿಸಿ ಅವುಗಳ ವ್ಯತ್ಯಾಸವನ್ನು ಲೆಕ್ಕಹಾಕುತ್ತಾರೆ. ಎರಡೂ ಮೈಗಳ ಉಷ್ಣತೆ ಒಂದೇ ಆಗಿದ್ದರೆ ಅದರ ಪ್ರಭಾವ ಕಳೆದುಹೋಗಿ, ಬಾಗುವಿಕೆಯ ಸಂಕೇತ ಎರಡರಷ್ಟಾಗುತ್ತದೆ.

ಉಪಯೋಗಗಳು

ಅಳೆಯುವ ಸ್ಥಳದಲ್ಲಿ ವಿದ್ಯುತ್ತಿನ ಅಗತ್ಯವಿಲ್ಲದಿರುವುದರಿಂದ ಸ್ಫೋಟಕ ಅನಿಲಗಳಿರುವ ಜಾಗಗಳಲ್ಲಿ, ಅಧಿಕ ವೋಲ್ಟೇಜ್ ಉಪಕರಣಗಳಲ್ಲಿ ಹಾಗೂ ಎಂ.ಆರ್.ಐ. ಯಂತ್ರಗಳಲ್ಲಿ ಇವು ಅನುಕೂಲಕರ. ಬೇರೆ ಬೇರೆ ತರಂಗಾಂತರದ ಅನೇಕ ಗ್ರೇಟಿಂಗ್‌ಗಳನ್ನು ಒಂದೇ ಎಳೆಯಲ್ಲಿ ರಚಿಸಬಹುದಾದ ಕಾರಣ, ಸೇತುವೆಯೊಂದರ ಹಲವು ಸ್ಥಳಗಳನ್ನು ಏಕಕಾಲದಲ್ಲಿ ಗಮನಿಸಲು ಸಾಧ್ಯವಾಗುತ್ತದೆ. ಕೆನಡಾದ ಕ್ಯಾಲ್ಗರಿಯಲ್ಲಿ 1993ರಲ್ಲಿ ನಿರ್ಮಾಣವಾದ ಬೆಡಿಂಗ್ಟನ್ ಟ್ರೇಲ್ ಸೇತುವೆಯು ಇವುಗಳನ್ನು ಅಳವಡಿಸಿಕೊಂಡ ಆರಂಭಿಕ ಸೇತುವೆಗಳಲ್ಲೊಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಬ್ರ್ಯಾಗ್ ಗ್ರೇಟಿಂಗ್ ಸಂವೇದಕಗಳ ಕುರಿತು ಸಂಶೋಧನೆ ನಡೆದಿದೆ.