ಅರ್ಧ ಕರಗಿದ ಕಲ್ಲು

‘ನಾಳೆ ಬರುವಾಗ ಮನೆಯಿಂದ ಒಂದೊಂದು ಕಲ್ಲು ತನ್ನಿ. ದಾರಿಯಲ್ಲಿ ಬಿದ್ದಿದ್ದು ಬೇಡ, ಮನೆಯಲ್ಲಿ ಏನಾದರೂ ಕೆಲಸಕ್ಕೆ ಬರುತ್ತಿರುವ ಕಲ್ಲೇ ಆಗಬೇಕು’ ಎಂದು ಶುಕ್ರವಾರ ಹೇಳಿ ಬಂದಿದ್ದೆ. ಶನಿವಾರ ಬೆಳಗಿನ ಶಾಲೆಗೆ ಹೋದರೆ ಮೇಜಿನ ಮೇಲೆ ಹಾಜರಿ ಪುಸ್ತಕ ಇಡಲೂ ಜಾಗವಿಲ್ಲ. ಕುಡುಗೋಲು ಮಸೆಯುವ ಕಲ್ಲು, ಕಾಲುಜ್ಜುವ ಕಲ್ಲು, ಅಡುಗೆ ಕಟ್ಟೆಗೆ ಹಾಕಿಸಿ ಮಿಕ್ಕಿದ ಕಡಪ ಕಲ್ಲಿನ ಚೂರು, ಅಂಗಳಕ್ಕೆ ಹಾಸಿದ ಶಹಾಬಾದ್ ಕಲ್ಲಿನ ತುಂಡು, ಬಾಗಿಲಿಗೆ ಅಡ್ಡ ಇಡುವ ಸೈಜುಗಲ್ಲಿನ ಮೂಲೆ. ಇಬ್ಬರು ಹುಡುಗರು ಮೂಲೆ ಒಡೆದ ರುಬ್ಬುಗುಂಡೊಂದನ್ನು ಗೋಣಿಚೀಲದಲ್ಲಿ ಹೊತ್ತು ತಂದಿದ್ದರು. ಕೊನೆಯ ಬೆಂಚಿನ ಹುಡುಗನೊಬ್ಬ ಮಾತ್ರ ಬರಿಗೈಲಿ ನಿಂತಿದ್ದ. ಕೇಳಿದರೆ ಜೇಬಿನಿಂದ ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ಹಳೇ ಬಳಪದ ತುಂಡು ತೆಗೆದ. ‘ಇದೂ ಕಲ್ಲೇ ತಾನೇ ಸಾ?’

ಕಲ್ಲೇ. ಅಂದು ಬಂದವುಗಳಲ್ಲೆಲ್ಲ ಒಳ್ಳೆಯ ಕಲ್ಲು ಅದೇ. ಮಾಗಡಿ ಕಡೆಯ ಆ ಸರ್ಕಾರಿ ಪ್ರೌಢಶಾಲೆಗೆ ನಾನು ವಾರದ ಕೊನೆಯಲ್ಲಿ ಹೋಗಿ ಪಾಠ ಮಾಡುವುದು. ಎಂಟನೇ ತರಗತಿಯ ಸಮಾಜ ವಿಜ್ಞಾನದಲ್ಲಿ ‘ಶಿಲಾಗೋಳ’ ಎಂಬ ಪಾಠವಿದೆ. ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಎಂದು ಮೂರು ಬಗೆ, ಒಂದೊಂದಕ್ಕೂ ಎರಡೆರಡು ಉದಾಹರಣೆ. ಮಕ್ಕಳು ಇದನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಒಂದು ಶಿಲೆ ಇನ್ನೊಂದಾಗುವ ಶಿಲಾಚಕ್ರ ಎಂದರೆ ಅವರ ಪಾಲಿಗೆ ಮೂರು ಹೆಸರು, ಸುತ್ತ ಮೂರು ಬಾಣ.

ಆದರೆ ಮೇಜಿನ ಮೇಲಿದ್ದ ಕಲ್ಲುಗಳಿಗೆ ಬಾಣಗಳಿರಲಿಲ್ಲ. ರುಬ್ಬುಗುಂಡು ಗ್ರಾನೈಟು, ಭೂಮಿಯ ಒಡಲಲ್ಲಿ ಶಿಲಾಪಾಕ ನಿಧಾನವಾಗಿ ಆರಿ ಆದದ್ದು. ಕಡಪ, ಶಹಾಬಾದ್ ಎರಡೂ ಸುಣ್ಣಕಲ್ಲುಗಳು, ಎಂದೋ ಇದ್ದ ಸಮುದ್ರದ ತಳದ ಕೆಸರು. ಬಳಪದ ಕಲ್ಲು ರೂಪಾಂತರ ಶಿಲೆ. ಹಳೇ ಕಾಲದ ಕಲ್ಲಿನ ಸ್ಲೇಟು ಕೂಡ ಜೇಡಿಪದರ ಒತ್ತಡಕ್ಕೆ ಸಿಕ್ಕಿ ರೂಪಾಂತರಗೊಂಡದ್ದೇ. ಅಜ್ಜಿ ಅ ಆ ಇ ಈ ತಿದ್ದಿದ್ದು ಒಂದು ರೂಪಾಂತರ ಶಿಲೆಯ ಮೇಲೆ ಇನ್ನೊಂದು ರೂಪಾಂತರ ಶಿಲೆಯಿಂದ! ಬಳಪವನ್ನು ಉಗುರಿನಿಂದ ಕೆರೆದರೆ ಪುಡಿ ಬರುತ್ತದೆ. ಬೇಲೂರು, ಹಳೇಬೀಡಿನ ಶಿಲ್ಪಿಗಳು ಮದನಿಕೆಯ ಕಾಲಂದುಗೆಯನ್ನೂ ಬಿಡದೆ ಕೆತ್ತಲಾಗಿದ್ದು ಈ ಕಲ್ಲಿನ ಮೆದುತನದಿಂದಲೇ. ರುಬ್ಬುಗುಂಡಿಗೆ ಮೊಳೆ ಹಾಕಿ ಗೀಚಿದರೂ ಕಲ್ಲು ಜಪ್ಪಯ್ಯ ಎನ್ನಲಿಲ್ಲ, ಮೊಳೆಯೇ ಸವೆದು ಬೆಳ್ಳಿಗೆರೆ ಉಳಿಸಿತು. ಶಹಾಬಾದ್ ತುಂಡನ್ನು ಅದೇ ಮೊಳೆಯಿಂದ ಕೆರೆದು, ಆ ಪುಡಿಯ ಮೇಲೆ ನಿಂಬೆರಸ ಹಿಂಡಿ ಭೂತಗನ್ನಡಿ ಹಿಡಿದರೆ ಸಣ್ಣ ಸಣ್ಣ ಗುಳ್ಳೆ. ಒಂದು ನಿಂಬೆಹಣ್ಣು, ಒಂದು ಮೊಳೆ, ಒಂದು ಭೂತಗನ್ನಡಿ. ಪ್ರಯೋಗಶಾಲೆ ಇಲ್ಲವೆಂದು ಅಳುವ ಶಾಲೆಗಳಿಗೆ ಇಷ್ಟು ಸಾಕಾಗುತ್ತದೆ ಎಂದು ನನ್ನ ಅನುಭವ.

ಇನ್ನು ಕ್ರೆಯಾನ್ ಪ್ರಯೋಗ. ಜಗತ್ತಿನ ಎಷ್ಟೋ ದೇಶಗಳ ಶಾಲೆಗಳಲ್ಲಿ ಶಿಲಾಚಕ್ರಕ್ಕೆ ಇದನ್ನೇ ಮಾಡಿಸುತ್ತಾರೆ. ಮೂರು ನಾಲ್ಕು ಬಣ್ಣದ ಮೇಣದ ಕ್ರೆಯಾನುಗಳನ್ನು ಮೆಂಡರಿನಲ್ಲಿ ಹೆರೆದು ಪುಡಿ ಮಾಡುವುದು. ಬಿಸಿಲು, ಮಳೆಗೆ ಬಂಡೆ ಸವೆದು ಮರಳಾದ ಹಾಗೆ. ಪುಡಿಯನ್ನು ಬಣ್ಣದ ಮೇಲೆ ಬಣ್ಣ ಹರಡಿ, ಅಲ್ಯುಮಿನಿಯಂ ಹಾಳೆಯಲ್ಲಿ ಮಡಿಚಿ, ಕಾಲಲ್ಲಿ ಗಟ್ಟಿಯಾಗಿ ತುಳಿದರೆ ಪದರಪದರವಾಗಿ ಅಂಟಿಕೊಂಡ ಬಿಲ್ಲೆ. ಇದು ಕಣಶಿಲೆ. ಅದೇ ಪೊಟ್ಟಣವನ್ನು ಬಿಸಿನೀರಲ್ಲಿ ಒಂದು ಗಳಿಗೆ ಅದ್ದಿ ತೆಗೆದು ಇನ್ನೊಮ್ಮೆ ಅದುಮಿದರೆ ಪದರಗಳು ಬಾಗಿ, ತಿರುಚಿಕೊಂಡು, ಒಂದರೊಳಗೊಂದು ಹೊಕ್ಕಿರುತ್ತವೆ. ಇದು ರೂಪಾಂತರ ಶಿಲೆ. ಕೊನೆಗೆ ಸ್ಟೀಲ್ ಬಟ್ಟಲಿನಲ್ಲಿ ಪೂರ್ತಿ ಕರಗಿಸಿ ಆರಲು ಬಿಟ್ಟರೆ ಅಗ್ನಿಶಿಲೆ. ಬಣ್ಣಗಳೆಲ್ಲ ಕಲೆತು ಒಂದು ಕೊಳಕು ಕಂದು ಬಣ್ಣ ಬರುತ್ತದೆ, ಮಕ್ಕಳಿಗೆ ಅದು ಬಹಳ ಇಷ್ಟ.

ನಮ್ಮ ಶಾಲೆಯಲ್ಲಿ ಬಿಸಿನೀರು ಬಿಸಿಯೂಟದ ಒಲೆಯಿಂದ ಬರಬೇಕು. ಅಡುಗೆಯ ಅಮ್ಮ ಕೊತಕೊತ ಕುದಿಯುವ ನೀರನ್ನೇ ಸುರಿದುಕೊಟ್ಟರು, ನಾನು ಆರಿಸದೆ ಹಾಗೇ ಬಳಸಿದೆ. ಪೊಟ್ಟಣ ಬಿಚ್ಚಿದರೆ ಕೆಲವರದ್ದು ಪೂರಾ ಕರಗಿತ್ತು, ಕೆಲವರದ್ದರಲ್ಲಿ ಒಂದು ಪಕ್ಕ ಪದರ, ಇನ್ನೊಂದು ಪಕ್ಕ ಹರಿದು ಹೆಪ್ಪುಗಟ್ಟಿದ ಮೇಣ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ತನ್ನದನ್ನು ಅಂಗೈಲಿಟ್ಟುಕೊಂಡು ಕೇಳಿದಳು: ‘ರೂಪಾಂತರ ಅಂದ್ರೆ ಅರ್ಧ ಕರಗಿದ್ದಾ ಸಾ?’

‘ಇಲ್ಲಮ್ಮ, ಕರಗಲೇಬಾರದು. ಕರಗಿದರೆ ಅದು ಅಗ್ನಿಶಿಲೆ ಆಗಿಬಿಡುತ್ತೆ’ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಮೇಣ ತೋರಿಸಿ ಕಲ್ಲು ಎಂದರೆ ಹೀಗೆಯೇ ಆಗುವುದು. ಮೇಣ ಮೆತ್ತಗಾಗುವುದಕ್ಕೂ ಕರಗುವುದಕ್ಕೂ ನಡುವೆ ಬಿಡುವೇ ಇಲ್ಲ. ಆಗ ನೆನಪಾದದ್ದು ಊರಾಚೆಯ ಇಟ್ಟಿಗೆ ಗೂಡು. ಹಸಿ ಇಟ್ಟಿಗೆ ನೀರಿಗೆ ಬಿದ್ದರೆ ಕೆಸರು. ಸುಟ್ಟರೆ ಕರಗದೆ, ಆಕಾರ ಕೆಡದೆ, ಬಣ್ಣ ಗುಣ ಎರಡೂ ಬದಲಾಗಿ ಗಟ್ಟಿಯಾಗುತ್ತದೆ. ಬೆಂಕಿಗೆ ತೀರ ಹತ್ತಿರವಿದ್ದವು ಮಾತ್ರ ಕರಗಿ, ಗಾಜಿನಂತೆ ಮಿರುಗುತ್ತ, ಎರಡು ಮೂರು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮರುವಾರ ಎರಡು ಬಗೆಯನ್ನೂ ತಂದು ಪಕ್ಕಪಕ್ಕ ಇಟ್ಟೆ. ನೂರು ಕ್ರೆಯಾನಿಗಿಂತ ಒಂದು ಸೀದ ಇಟ್ಟಿಗೆ ಮೇಲು.

ಕಲ್ಲನ್ನು ಕೈಯಾರೆ ಬೇಯಿಸಿ ನೋಡುವ ಈ ಹುಚ್ಚು ಹೊಸದಲ್ಲ. ಭೂಮಿಯ ಒಳಗಿನ ಕಾವೇ ಬಂಡೆಗಳನ್ನು ಮಾಡುತ್ತದೆ, ಸವೆದದ್ದು ಮತ್ತೆ ಬಂಡೆಯಾಗುತ್ತದೆ ಎಂದು 18ನೇ ಶತಮಾನದ ಕೊನೆಯಲ್ಲಿ ವಾದಿಸಿದವನು ಸ್ಕಾಟ್ಲೆಂಡಿನ ಜೇಮ್ಸ್ ಹಟನ್. ಅವನ ಗೆಳೆಯ ಸರ್ ಜೇಮ್ಸ್ ಹಾಲ್‌ಗೆ ಅದನ್ನು ಪರೀಕ್ಷಿಸಿ ನೋಡುವ ಆಸೆ. ಹಟನ್ ಒಪ್ಪಲಿಲ್ಲ. ಮೂಸೆಯ ತಳ ನೋಡಿ ಭೂಮಿಯ ವ್ಯವಹಾರವನ್ನು ತೀರ್ಮಾನಿಸುವುದು ಅವನಿಗೆ ಹುಡುಗಾಟವಾಗಿ ಕಂಡಿತು. 1797ರಲ್ಲಿ ಹಟನ್ ತೀರಿಕೊಂಡ ಮೇಲೆ, 1798ರಲ್ಲಿ ಹಾಲ್ ತನ್ನ ಫಲಿತಾಂಶಗಳನ್ನು ಎಡಿನ್‌ಬರೋದ ರಾಯಲ್ ಸೊಸೈಟಿಯ ಮುಂದಿಟ್ಟ. ಕರಿಗಲ್ಲನ್ನು ಕುಲುಮೆಯಲ್ಲಿ ಕರಗಿಸಿ ಬೇಗ ಆರಿಸಿದರೆ ಗಾಜು, ನಿಧಾನವಾಗಿ ಆರಿಸಿದರೆ ಮತ್ತೆ ಹರಳುಹರಳಾದ ಕಲ್ಲು.

ಅವನ ಇನ್ನೊಂದು ಪ್ರಯೋಗ ನಮ್ಮ ಹಳ್ಳಿಯವರಿಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಸುಣ್ಣಕಲ್ಲನ್ನು ಗೂಡಿನಲ್ಲಿ ಸುಟ್ಟರೆ ಒಳಗಿನ ಅನಿಲ ಹೊರಟುಹೋಗಿ ಸುಣ್ಣವಾಗುತ್ತದೆ. ಹಾಗಾದರೆ ಭೂಮಿಯ ಕಾವಿಗೆ ಅದು ಅಮೃತಶಿಲೆ ಆಗುವುದಾದರೂ ಹೇಗೆ ಎಂಬುದು ಹಟನ್‌ನ ವಿರೋಧಿಗಳ ಪ್ರಶ್ನೆ. ಹಾಲ್ ಸುಣ್ಣಕಲ್ಲಿನ ಪುಡಿಯನ್ನು ಬಂದೂಕಿನ ನಳಿಗೆಯಲ್ಲಿ ತುಂಬಿ, ಗಾಳಿ ಹೋಗದಂತೆ ಬಾಯಿ ಮುಚ್ಚಿ ಕಾಯಿಸಿದ. ಅನಿಲಕ್ಕೆ ಹೊರದಾರಿ ಇಲ್ಲದೆ, ಪುಡಿ ಅಮೃತಶಿಲೆಯ ಹಾಗೆ ಗಟ್ಟಿಯಾಯಿತು. ಶಾಲೆಯಲ್ಲಿ ಮಾಡಿಸುವಂಥದ್ದಲ್ಲ, ಹೇಳಿದರೆ ಸಾಕು. ಮಕ್ಕಳು ಬಾಯಿಬಿಟ್ಟುಕೊಂಡು ಕೇಳುತ್ತಾರೆ, ಬಂದೂಕು ಬಂತಲ್ಲ! ಆದರೆ ಹಾಲ್ ಗೆದ್ದಮೇಲೂ ಹಟನ್‌ನ ತಕರಾರು ನನಗೆ ಸುಳ್ಳೆನಿಸಿಲ್ಲ. ಪ್ರತಿ ಪ್ರಯೋಗ ಮುಗಿದ ಮೇಲೂ ‘ಇದು ಎಲ್ಲಿ ಸುಳ್ಳು ಹೇಳಿತು?’ ಎಂದು ಮಕ್ಕಳನ್ನೇ ಕೇಳುವ ಅಭ್ಯಾಸ ನನಗೆ ಬಂದಿದ್ದು ಅವನಿಂದ.

ಬಾಣಗಳ ಚಿತ್ರವೂ ಸುಳ್ಳು ಹೇಳುತ್ತದೆ. ಅಗ್ನಿಯಿಂದ ಕಣ, ಕಣದಿಂದ ರೂಪಾಂತರ, ಮತ್ತೆ ಅಗ್ನಿ ಎಂದು ಸರದಿಯಲ್ಲಿ ನಿಂತ ಹಾಗೆ. ಕಲ್ಲುಗಳಿಗೆ ಅಂಥ ಶಿಸ್ತಿಲ್ಲ. ಗ್ರಾನೈಟ್ ನೇರವಾಗಿ ರೂಪಾಂತರವಾಗಬಹುದು, ಮರಳುಗಲ್ಲು ಸವೆದು ಮತ್ತೆ ಮರಳೇ ಆಗಬಹುದು. ಇದಕ್ಕೊಂದು ದಾಳದ ಆಟವಿದೆ. ಕೊಠಡಿಯ ಒಂದೊಂದು ಮೂಲೆ ಒಂದೊಂದು ಶಿಲೆ, ನಡುವೆ ಶಿಲಾಪಾಕ. ಮಕ್ಕಳೇ ಕಲ್ಲುಗಳು. ರಟ್ಟಿನ ದಾಳ ಉರುಳಿಸಿ, ಬಂದ ಮುಖ ಹೇಳಿದ ಕಡೆಗೆ ಹೋಗಬೇಕು. ದಾಳದ ಬಹುಪಾಲು ಮುಖಗಳಲ್ಲಿ ‘ಇಲ್ಲೇ ಇರು’ ಎಂದು ಬರೆದಿರುತ್ತೇನೆ. ಹತ್ತು ನಿಮಿಷಕ್ಕೇ ದೂರು ಶುರು: ‘ಸಾ, ನಾನು ಆಗ್ಲಿಂದ ಇಲ್ಲೇ ಇದೀನಿ, ಬೇಜಾರು.’ ಕಿಟಕಿಯಾಚೆ ಸಾವನದುರ್ಗ ಕಾಣುತ್ತದೆ. ಸುಮಾರು 250 ಕೋಟಿ ವರ್ಷಗಳ ಹಿಂದಿನ ಕ್ಲೋಸ್‌ಪೇಟ್ ಗ್ರಾನೈಟು. ರಾಮನಗರಕ್ಕೆ ಹಿಂದೆ ಇದ್ದ ಹೆಸರೇ ಈ ಶಿಲೆಗೆ. ‘ಅದಕ್ಕೆ ಎಷ್ಟು ಬೇಜಾರಾಗಿರಬೇಕು ನೋಡು’ ಎಂದೆ. ಹುಡುಗ ಒಮ್ಮೆ ಬೆಟ್ಟ ನೋಡಿ, ಮತ್ತೆ ದಾಳ ಹಾಕಿದ. ‘ಇಲ್ಲೇ ಇರು.’

ವರ್ಷದ ಕೊನೆಗೆ ಬೆಂಗಳೂರಿನ ಪ್ರವಾಸದಲ್ಲಿ ಲಾಲ್‌ಬಾಗಿಗೆ ಕರೆದುಕೊಂಡು ಹೋದೆವು. ಎಲ್ಲರೂ ಗಾಜಿನಮನೆಗೆ ಓಡಿದರೆ, ನಾವು ಕೆಂಪೇಗೌಡರ ಗೋಪುರವಿರುವ ಬಂಡೆ ಹತ್ತಿದೆವು. ವಾಯುವಿಹಾರಕ್ಕೆ ಬಂದವರು ಬೆನ್ನು ಚಾಚಿ ಮಲಗುವ ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಪೆನಿನ್ಸುಲರ್ ನೈಸ್ ಎಂಬ ರೂಪಾಂತರ ಶಿಲೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಇಟ್ಟ ಹೆಸರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿ ಫಲಕ ನೆಟ್ಟಿದೆ. ನಾನು ಫಲಕದ ಮುಂದೆ ನಿಂತು ಭಾಷಣ ಮಾಡುತ್ತಿದ್ದೆ. ಅಂದು ‘ಅರ್ಧ ಕರಗಿದ್ದಾ’ ಎಂದು ಕೇಳಿದ್ದ ಹುಡುಗಿ ಆಗಲೇ ಬಂಡೆಯ ಮೇಲೆ ಮೊಣಕಾಲೂರಿ ಕೂತು, ನೀರಿನ ಬಾಟಲಿಯಿಂದ ಒಂದಿಷ್ಟು ನೀರು ಸುರಿದು ಉಜ್ಜುತ್ತಿದ್ದಳು. ಒದ್ದೆಯಾದ ಕಡೆ ಬಣ್ಣ ಎದ್ದು ಬಂದಿತ್ತು. ಕಪ್ಪು ಪಟ್ಟಿ, ಬಿಳಿ ಪಟ್ಟಿ, ಮತ್ತೆ ಕಪ್ಪು. ಅವುಗಳ ನಡುವೆ ಒಂದು ಬಿಳಿಯ ಎಳೆ ಪಟ್ಟಿಗಳನ್ನು ಸೀಳಿ, ಸುರುಳಿಯಾಗಿ, ಹರಿದು ನಿಂತ ಹಾಗೆ.

‘ಇದು ನನ್ನ ಪೊಟ್ಟಣದ ಥರಾನೇ ಇದೆಯಲ್ಲ ಸಾ. ಇಲ್ಲಿ ಕರಗಿದೆ, ಇಲ್ಲಿ ಕರಗಿಲ್ಲ.’

ನಿಜವೇ. ರೂಪಾಂತರದ ಕಾವು ಏರುತ್ತ ಹೋಗಿ, ಬೇಗ ಕರಗುವ ತಿಳಿಬಣ್ಣದ ಖನಿಜಗಳು ಕರಗಿ ಹರಿದು, ಉಳಿದದ್ದು ಗಟ್ಟಿಯಾಗಿಯೇ ಉಳಿದ ಕಲ್ಲುಗಳಿವೆ. ಅಗ್ನಿಶಿಲೆ, ರೂಪಾಂತರ ಶಿಲೆ ಎರಡೂ ಕಲೆತ ಇಂಥ ಕಲ್ಲಿಗೆ ಫಿನ್ಲೆಂಡಿನ ಸೆಡರ್‌ಹೋಮ್ 1907ರಲ್ಲಿ ಮಿಗ್ಮಟೈಟ್ ಎಂದು ಹೆಸರಿಟ್ಟ. ಬೆರಕೆ ಎಂಬರ್ಥದ ಗ್ರೀಕ್ ಮಾತಿನಿಂದ ಬಂದದ್ದು. ಪೆನಿನ್ಸುಲರ್ ನೈಸ್‌ನ ತುಂಬ ಇಂಥವೇ. ಜುಲೈ ತಿಂಗಳಲ್ಲಿ ಹೇಳಿದ ‘ಇಲ್ಲಮ್ಮ’ವನ್ನು ಬಂಡೆಯ ಮೇಲೆ, ಎಲ್ಲರ ಮುಂದೆ, ನಾನು ವಾಪಸು ತೆಗೆದುಕೊಂಡೆ.

ಅವಳು ಚೀಲದಿಂದ ನೋಟ್ಸ್ ತೆಗೆದು, ಮೂರು ಕಾಲಂ ಎಳೆದಿದ್ದ ಪುಟ ಹುಡುಕಿ, ಪೆನ್ಸಿಲು ಹಿಡಿದು ಕೂತಳು. ‘ಪರೀಕ್ಷೇಲಿ ಬಂದ್ರೆ ಇದನ್ನ ಯಾವುದರಲ್ಲಿ ಬರೀಲಿ ಸಾ?’

‘ಪರೀಕ್ಷೆಯಲ್ಲಿ ರೂಪಾಂತರ ಅಂತಲೇ ಬರಿ’ ಎಂದೆ. ಅವಳು ಎರಡು ಕಾಲಂಗಳ ನಡುವಿನ ಗೆರೆಯ ಮೇಲೇ ಬರೆದುಕೊಂಡಳು.