ರೂಟರ್‌ಗೆ ಎರಡು ಬ್ಯಾಂಡ್, ಲ್ಯಾಪ್‌ಟಾಪ್‌ಗೆ ಎಷ್ಟು?

ಡೊಂಬಿವಲಿ: 2020ರ ಮಾರ್ಚ್‌ನಲ್ಲಿ ಲೋಕಲ್ ರೈಲು ನಿಂತಾಗ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಅದೆಷ್ಟೋ ಕನ್ನಡಿಗರ ಮನೆಯ ಹಾಲ್ ಆಫೀಸಾಯಿತು, ಬೆಡ್‌ರೂಮು ಶಾಲೆಯಾಯಿತು. ಆಗ ಅವಸರದಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್‌ಗಳು ಈಗಲೂ ಹಲವರಲ್ಲಿವೆ. ರೂಟರ್ ಮಾತ್ರ ಹೊಸತು. ಫೈಬರ್ ಕನೆಕ್ಷನ್‌ನ ಹುಡುಗ ಡ್ಯುಯಲ್ ಬ್ಯಾಂಡ್ ರೂಟರ್ ಗೋಡೆಗೆ ಹೊಡೆದು, ವೈಫೈಯ ಎರಡು ಹೆಸರು ಚೀಟಿಯಲ್ಲಿ ಬರೆದುಕೊಟ್ಟು ಹೋಗುತ್ತಾನೆ. ಮೊಬೈಲ್‌ನಲ್ಲಿ ಎರಡೂ ಕಾಣುತ್ತವೆ, ಲ್ಯಾಪ್‌ಟಾಪ್‌ನಲ್ಲಿ ಒಂದೇ. ಮಗಳ ಆನ್‌ಲೈನ್ ಸಂದರ್ಶನ ನಡುವೆ ಕಡಿದುಹೋದರೆ, ಊರಿನ ಯಕ್ಷಗಾನದ ನೇರಪ್ರಸಾರ ಚೆಂಡೆ ಏರುವ ಹೊತ್ತಿಗೆ ನಿಂತರೆ ಆ ಹುಡುಗನ ಮೇಲೆ ರೇಗುವುದು, ಇಲ್ಲವೇ ಸಾಲ ಮಾಡಿ ಹೊಸ ಲ್ಯಾಪ್‌ಟಾಪ್ ತರುವುದು. ಅದಕ್ಕೆ ಮುನ್ನ ಎರಡು ನಿಮಿಷದ ಪರೀಕ್ಷೆಯೊಂದಿದೆ.

ಎರಡು ಬ್ಯಾಂಡ್ ಎಂದರೆ 2.4 ಮತ್ತು 5 ಗಿಗಾಹರ್ಟ್ಸ್. ಹೆಸರಿನ ಕೊನೆಗೆ 5ಜಿ ಎಂದಿದ್ದರೂ ಮೊಬೈಲ್‌ನ 5ಜಿಗೂ ಇದಕ್ಕೂ ಸಂಬಂಧವಿಲ್ಲ. 2.4ರಲ್ಲಿ ಇರುವ ಜಾಗ 83.5 ಮೆಗಾಹರ್ಟ್ಸ್ ಮಾತ್ರ. ಒಂದಕ್ಕೊಂದು ತಾಗದ ಚಾನೆಲ್ ಮೂರೇ - 1, 6, 11. ಗೋಡೆಗೆ ಗೋಡೆ ಅಂಟಿದ ನಮ್ಮ ಸೊಸೈಟಿಗಳಲ್ಲಿ ಅಕ್ಕಪಕ್ಕ, ಮೇಲೆ ಕೆಳಗೆ ಎಲ್ಲರ ವೈಫೈಯೂ ಅಲ್ಲೇ, ಬ್ಲೂಟೂತ್ ಮತ್ತು ಮೈಕ್ರೋವೇವ್ ಒಲೆಯ ಅಡ್ಡಿಯೂ ಅಲ್ಲೇ. ಸಂಜೆ 6.30ರ ಕಲ್ಯಾಣ್ ಲೋಕಲ್ ಎನ್ನಿ! 5 ಗಿಗಾಹರ್ಟ್ಸ್‌ನಲ್ಲಿ ಸರಕಾರ 2018ರಲ್ಲಿ 605 ಮೆಗಾಹರ್ಟ್ಸ್‌ನ್ನು ಪರವಾನಗಿ ಇಲ್ಲದ ಬಳಕೆಗೆ ಬಿಟ್ಟಿದೆ.

ಪರೀಕ್ಷೆ ಹೀಗೆ. ವಿಂಡೋಸ್‌ನ ಹುಡುಕುವ ಜಾಗದಲ್ಲಿ ಸಿ-ಎಂ-ಡಿ ಎಂದು ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತದೆ. ಅದರಲ್ಲಿ ಎನ್-ಇ-ಟಿ-ಎಸ್-ಎಚ್, ಜಾಗ ಬಿಟ್ಟು ಡಬ್ಲ್ಯು-ಎಲ್-ಎ-ಎನ್, ಮತ್ತೆ ಜಾಗ ಬಿಟ್ಟು ಶೋ, ಡ್ರೈವರ್ಸ್ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಬೇಕು. ‘ರೇಡಿಯೋ ಟೈಪ್ಸ್ ಸಪೋರ್ಟೆಡ್’ ಎಂಬ ಸಾಲಿನಲ್ಲಿ 802.11ರ ಮುಂದೆ ಎ ಅಥವಾ ಎಸಿ ಇದ್ದರೆ ಲ್ಯಾಪ್‌ಟಾಪ್‌ಗೆ 5 ಗಿಗಾಹರ್ಟ್ಸ್ ಹಿಡಿಯುತ್ತದೆ. ಬಿ, ಜಿ, ಎನ್ ಮಾತ್ರ ಇದ್ದರೆ 2.4 ಒಂದೇ. ಎನ್ ಅಕ್ಷರ ಕಂಡು ಮೋಸಹೋಗುವವರೇ ಹೆಚ್ಚು. ಇಂಟೆಲ್‌ನ ಹಳೆಯ ‘ಸೆಂಟ್ರಿನೊ ವೈರ್‌ಲೆಸ್-ಎನ್ 2230’ ಒಂದೇ ಬ್ಯಾಂಡಿನದು, ‘ಸೆಂಟ್ರಿನೊ ಅಡ್ವಾನ್ಸ್ಡ್-ಎನ್ 6205’ ಎರಡರದ್ದು.

ಎ ಅಥವಾ ಎಸಿ ಇದ್ದೂ ಎರಡನೇ ಹೆಸರು ಕಾಣದಿದ್ದರೆ ಲ್ಯಾಪ್‌ಟಾಪನ್ನು ರೂಟರ್ ಬಳಿ ಒಯ್ದು ನೋಡಬೇಕು. 5 ಗಿಗಾಹರ್ಟ್ಸ್‌ಗೆ ಕಾಂಕ್ರೀಟ್ ಗೋಡೆ ದಾಟುವ ಶಕ್ತಿ ಕಡಿಮೆ. ಅಲ್ಲೂ ಕಾಣದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರಿನ ‘ಅಡ್ವಾನ್ಸ್ಡ್’ ಪುಟದಲ್ಲಿ ಯಾರೋ ಬ್ಯಾಂಡನ್ನು 2.4ಕ್ಕೆ ಕಟ್ಟಿಹಾಕಿರಬಹುದು.

ಇಲ್ಲವೆಂದಾದರೂ ಲ್ಯಾಪ್‌ಟಾಪ್ ಗುಜರಿಗೆ ಹೋಗಬೇಕಿಲ್ಲ. ರೂಟರ್ ಹತ್ತಿರವಿದ್ದರೆ ಲ್ಯಾನ್ ಕೇಬಲ್ ಸಾಕು, ಅದಕ್ಕೆ ಯಾವ ಬ್ಯಾಂಡಿನ ಹಂಗೂ ಇಲ್ಲ. ದೂರವಿದ್ದರೆ ಯುಎಸ್‌ಬಿಗೆ ಚುಚ್ಚುವ ಪುಟ್ಟ ಅಡಾಪ್ಟರ್ ಸಿಗುತ್ತದೆ. ಅಂಗಡಿಯಲ್ಲಿ ದುಡ್ಡು ಕೊಡುವ ಮುಂಚೆ ಪೆಟ್ಟಿಗೆಯ ಮೇಲೆ ‘ಡ್ಯುಯಲ್ ಬ್ಯಾಂಡ್’ ಎಂದಿದೆಯೇ ಎಂದು ಓದಿಕೊಳ್ಳಬೇಕು; ಬರೇ ‘ಎನ್ 150’ ಎಂದಿದ್ದರೆ ಅದೂ 2.4ರದ್ದೇ.