ಕಾಂಟ್ಯಾಕ್ಟ್ ಲೆನ್ಸ್: ತಿಳಿದು ಬಳಸೋಣ

ಕಾಲೇಜಿಗೆ, ನರ್ಸಿಂಗ್ ತರಬೇತಿಗೆ, ಪರವೂರಿನ ಕೆಲಸಕ್ಕೆ ಹೋದ ನಮ್ಮ ಮಕ್ಕಳಲ್ಲಿ ಕೆಲವರು ಕನ್ನಡಕ ಬಿಟ್ಟು ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುತ್ತಾರೆ. ರಜೆಯಲ್ಲಿ ಬಂದಾಗ ಅದೇ ಲೆನ್ಸಿನೊಂದಿಗೆ ತೋಟಕ್ಕೆ ಇಳಿಯುತ್ತಾರೆ, ಕೆರೆಗೂ ಹಾರುತ್ತಾರೆ. ಪೇಟೆಯಲ್ಲಿ ತೊಂದರೆ ಕೊಡದ ಲೆನ್ಸ್ ಊರಲ್ಲಿ ಯಾಕೆ ತೊಂದರೆ ಕೊಡಬೇಕು ಎಂಬ ಪ್ರಶ್ನೆ ಸಹಜ. ಉತ್ತರ ಬೇಕಾದರೆ ಲೆನ್ಸ್ ಯಾವುದರಿಂದ ಮಾಡಿದ್ದು, ಅದು ಕಣ್ಣಿನಲ್ಲಿ ಹೇಗೆ ಕೂರುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಕಣ್ಣಿಗೂ ಗಾಳಿ ಬೇಕು

ಕಣ್ಣಿನ ಕಪ್ಪು ಭಾಗದ ಮುಂದೆ, ಗಡಿಯಾರದ ಗಾಜಿನಂತೆ, ಒಂದು ಪಾರದರ್ಶಕ ಪೊರೆ ಇದೆ. ಇದಕ್ಕೆ ಕಾರ್ನಿಯಾ ಎನ್ನುತ್ತಾರೆ. ಬೆಳಕು ತಡೆಯಿಲ್ಲದೆ ಒಳಹೋಗಬೇಕಾದ್ದರಿಂದ ಇದರಲ್ಲಿ ರಕ್ತನಾಳಗಳಿಲ್ಲ. ಬೇಕಾದ ಆಮ್ಲಜನಕದ ಹೆಚ್ಚಿನ ಪಾಲನ್ನು ಇದು ಕಣ್ಣೀರಿನ ತೆಳುಪದರದ ಮೂಲಕ ಹೊರಗಿನ ಗಾಳಿಯಿಂದಲೇ ಪಡೆಯುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಕೂರುವುದು ಈ ಕಣ್ಣೀರಿನ ಪದರದಲ್ಲಿ. ಗಾಳಿಗೂ ಕಾರ್ನಿಯಾಕ್ಕೂ ನಡುವೆ ಒಂದು ಮುಚ್ಚಳ ಇಟ್ಟಂತೆ. ಆ ಮುಚ್ಚಳದಲ್ಲಿ ಗಾಳಿ ಹಾಯುವಂತೆ ಮಾಡುವುದು ಹೇಗೆ ಎಂಬುದೇ ಲೆನ್ಸಿನ ಬೆಳವಣಿಗೆಯ ಕಥೆ.

ಗಾಜಿನಿಂದ ಮೆತ್ತನೆಯ ಲೆನ್ಸಿಗೆ

ಜರ್ಮನಿಯ ವೈದ್ಯ ಅಡಾಲ್ಫ್ ಫಿಕ್ ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಲ್ಲಿದ್ದಾಗ ಗಾಜಿನ ಲೆನ್ಸನ್ನು ಮೊದಲು ಮೊಲಗಳ ಮೇಲೆ, ನಂತರ ತಮ್ಮ ಕಣ್ಣಿನಲ್ಲೇ ಪರೀಕ್ಷಿಸಿ, 1888ರಲ್ಲಿ ಅದರ ವರದಿ ಪ್ರಕಟಿಸಿದರು. ಕಣ್ಣಿನ ಬಿಳಿ ಭಾಗವನ್ನೂ ಮುಚ್ಚುವ ಆ ಗಾಜನ್ನು ಕೆಲವು ಗಂಟೆಗಳಿಗಿಂತ ಹೆಚ್ಚು ಹೊತ್ತು ಸಹಿಸಲು ಆಗುತ್ತಿರಲಿಲ್ಲ.

1930ರ ದಶಕದಲ್ಲಿ ಪ್ಲಾಸ್ಟಿಕ್ ಬಂತು. ಅಮೆರಿಕದ ಕೆವಿನ್ ಟೂಹಿ 1948ರಲ್ಲಿ ಕಾರ್ನಿಯಾವನ್ನು ಮಾತ್ರ ಮುಚ್ಚುವ ಚಿಕ್ಕ ಪ್ಲಾಸ್ಟಿಕ್ ಲೆನ್ಸ್ ಮಾಡಿದರು. ಈ ಗಟ್ಟಿ ಪ್ಲಾಸ್ಟಿಕಿನ ಮೂಲಕ ಆಮ್ಲಜನಕ ಹಾಯುವುದಿಲ್ಲ. ಆದರೆ ಲೆನ್ಸ್ ಚಿಕ್ಕದಾದ್ದರಿಂದ ರೆಪ್ಪೆ ಬಡಿದಾಗಲೆಲ್ಲ ಅದರ ಅಡಿಗೆ ಹೊಸ ಕಣ್ಣೀರು ಹರಿದು ಸ್ವಲ್ಪ ಗಾಳಿ ಒದಗುತ್ತಿತ್ತು.

ದೊಡ್ಡ ಬದಲಾವಣೆ ತಂದವರು ಚೆಕೊಸ್ಲೊವಾಕಿಯಾದ ರಸಾಯನ ವಿಜ್ಞಾನಿ ಒಟ್ಟೊ ವಿಖ್ಟರ್ಲೆ. ನೀರು ಹೀರಿ ಮೆತ್ತಗಾಗುವ ಹೊಸ ಪ್ಲಾಸ್ಟಿಕನ್ನು ಅವರು ದ್ರಹೊಸ್ಲಾವ್ ಲೀಮ್ ಎಂಬವರೊಂದಿಗೆ ಕಂಡುಹಿಡಿದಿದ್ದರು. ಸರಕಾರ ಲೆನ್ಸಿನ ಕೆಲಸಕ್ಕೆ ಬೆಂಬಲ ನಿಲ್ಲಿಸಿದಾಗ ಅವರು ಕೈಕಟ್ಟಿ ಕೂರಲಿಲ್ಲ. 1961ರ ಕ್ರಿಸ್ಮಸ್ ಸಮಯದಲ್ಲಿ ಮನೆಯ ಅಡುಗೆಕೋಣೆಯಲ್ಲೇ, ಮಕ್ಕಳು ಜೋಡಿಸಿ ಆಡುವ ಲೋಹದ ಆಟಿಕೆಯ ತುಂಡುಗಳು ಮತ್ತು ಸೈಕಲಿನ ಡೈನಮೋ ಸೇರಿಸಿ ಒಂದು ಯಂತ್ರ ಮಾಡಿದರು. ತಿರುಗುವ ಅಚ್ಚಿನಲ್ಲಿ ದ್ರವ ಹಾಕಿ ಮೊದಲ ನಾಲ್ಕು ಮೆತ್ತನೆಯ ಲೆನ್ಸುಗಳನ್ನು ತೆಗೆದರು. 1971ರಲ್ಲಿ ಅಮೆರಿಕ ಸರಕಾರ ಮೆತ್ತನೆಯ ಲೆನ್ಸಿನ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು.

ಈ ಮೊದಲ ಬಗೆಯ ಲೆನ್ಸಿನಲ್ಲಿ ನೂರಕ್ಕೆ ಸುಮಾರು 38 ಪಾಲು ನೀರೇ ಇರುತ್ತದೆ. ಆಮ್ಲಜನಕ ಈ ನೀರಿನ ಮೂಲಕವೇ ದಾಟಬೇಕು. 1990ರ ದಶಕದ ಕೊನೆಗೆ ಬಂದ ಸಿಲಿಕೋನ್ ಬೆರೆತ ಮೆತ್ತನೆಯ ಲೆನ್ಸುಗಳಲ್ಲಿ ಸಿಲಿಕೋನೇ ಆಮ್ಲಜನಕವನ್ನು ದಾಟಿಸುತ್ತದೆ. ಗಾಳಿ ಹಾಯುವ ಗಟ್ಟಿ ಲೆನ್ಸುಗಳೂ, ಒಂದು ದಿನ ಹಾಕಿ ಎಸೆಯುವ ಲೆನ್ಸುಗಳೂ ಈಗ ಸಿಗುತ್ತವೆ.

ಯಾರಿಗೆ ಉಪಯೋಗ?

ದೂರದ್ದು ಅಥವಾ ಹತ್ತಿರದ್ದು ಮಸುಕಾಗಿ ಕಾಣುವವರಿಗೆ ಕನ್ನಡಕದ ಬದಲು ಲೆನ್ಸ್ ಸಾಕಾಗುತ್ತದೆ. ಆದರೆ ಲೆನ್ಸ್ ಬರೀ ಅಂದಕ್ಕಲ್ಲ. ಕಾರ್ನಿಯಾ ತೆಳುವಾಗಿ ಕೋನದಂತೆ ಮುಂದೆ ಉಬ್ಬುವ ಕೆರಟೋಕೋನಸ್ ಎಂಬ ರೋಗದಲ್ಲಿ ಕನ್ನಡಕದಿಂದ ಸರಿಯಾದ ದೃಷ್ಟಿ ಸಿಗದೆ ಹೋಗಬಹುದು; ಗಟ್ಟಿ ಲೆನ್ಸಿನಿಂದ ಸಿಗುತ್ತದೆ. ಎಳೆ ಮಗುವಿನ ಕಣ್ಣಿನ ಪೊರೆ ತೆಗೆದ ಮೇಲೆ ಕೆಲವೊಮ್ಮೆ ಇದನ್ನೇ ಹಾಕುತ್ತಾರೆ. ಗಾಯಗೊಂಡ ಕಾರ್ನಿಯಾಕ್ಕೆ ವೈದ್ಯರು ಬ್ಯಾಂಡೇಜಿನಂತೆ ಲೆನ್ಸ್ ಇಡುವುದೂ ಉಂಟು.

ತೋಟದಲ್ಲಿ ಲೆನ್ಸ್ ಬೇಡ

ಎಷ್ಟೇ ಒಳ್ಳೆಯ ಲೆನ್ಸಾದರೂ ಕಣ್ಣೊಳಗಿನ ಹೊರವಸ್ತುವೇ. ಅದರಡಿಗೆ ಕಸವೋ ರೋಗಾಣುವೋ ಸೇರಿದರೆ ಅಲ್ಲೇ ಉಳಿದು ಕಾರ್ನಿಯಾವನ್ನು ಹುಣ್ಣು ಮಾಡುತ್ತದೆ. ಹುಣ್ಣು ಮಾಗಿದರೂ ಬಿಳಿ ಕಲೆ ನಿಂತು ದೃಷ್ಟಿ ಹೋಗಬಹುದು.

ಕೆರೆ, ಬಾವಿ, ನಳ್ಳಿ ನೀರಿನಲ್ಲೆಲ್ಲ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಕುಡಿದರೆ ಬಾಧಿಸದ ಇದು ಲೆನ್ಸಿಗೆ ಅಂಟಿ ಕಾರ್ನಿಯಾ ಹೊಕ್ಕರೆ ತಿಂಗಳುಗಟ್ಟಲೆ ಔಷಧಿ ಬೇಕಾಗುತ್ತದೆ. ಕಣ್ಣಿಗೆ ಹುಲ್ಲಿನ ಮೊನೆ, ಭತ್ತದ ಹೊಟ್ಟು, ಗರಿಯ ತುದಿ ತಾಗಿದರೆ ಫಂಗಸ್ ಹುಣ್ಣು ಬರಬಹುದು. ಇದು ಲೆನ್ಸ್ ಹಾಕದ ಕೃಷಿಕರಿಗೂ ಬರುತ್ತದೆ. ಅಡಿಕೆಗೆ ಬಿಡುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತಿನೊಂದಿಗೆ ಸುಣ್ಣವಿದೆ. ಸುಣ್ಣ ಕಾರ್ನಿಯಾವನ್ನು ಬೇಗನೆ ಸುಡುತ್ತದೆ.

ಆದ್ದರಿಂದ ಈ ಕೆಲವು ಮಾತುಗಳನ್ನು ನೆನಪಿಡೋಣ:

1. ಮದ್ದು ಬಿಡುವಾಗ, ಭತ್ತ ಬಡಿಯುವಾಗ, ಹುಲ್ಲು ಕೊಯ್ಯುವಾಗ ಲೆನ್ಸ್ ತೆಗೆದಿಟ್ಟು ಕನ್ನಡಕ ಹಾಕಿಕೊಳ್ಳಿ. ಮದ್ದು ಬಿಡುವವರಿಗೆ ಸುತ್ತಲೂ ಮುಚ್ಚುವ ರಕ್ಷಣಾ ಕನ್ನಡಕವೂ ಬೇಕು.

2. ಲೆನ್ಸ್ ಹಾಕಿ ಸ್ನಾನ, ಈಜು, ನಿದ್ದೆ ಬೇಡ. ರಾತ್ರಿ ಹಾಕಿ ಮಲಗುವವರಲ್ಲಿ ಕಣ್ಣಿನ ಹುಣ್ಣಿನ ಅಪಾಯ ಹಲವು ಪಟ್ಟು ಹೆಚ್ಚು.

3. ಮುಟ್ಟುವ ಮೊದಲು ಕೈಯನ್ನು ಸೋಪಿನಿಂದ ತೊಳೆದು ಒರೆಸಿ. ಲೆನ್ಸನ್ನು ಅದಕ್ಕೆಂದೇ ಇರುವ ದ್ರಾವಣದಲ್ಲಿ ಮಾತ್ರ ಉಜ್ಜಿ ತೊಳೆಯಿರಿ. ನೀರು, ಎಂಜಲು ಬೇಡ. ಡಬ್ಬಿಯ ದ್ರಾವಣ ದಿನವೂ ಹೊಸದಾಗಿರಲಿ, ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ.

4. ವೈದ್ಯರು ಅಳತೆ ನೋಡದೆ ಬಣ್ಣದ ಲೆನ್ಸ್ ಕೊಳ್ಳಬೇಡಿ. ಒಬ್ಬರ ಲೆನ್ಸನ್ನು ಇನ್ನೊಬ್ಬರು ಹಾಕಬೇಡಿ.

ಸುಣ್ಣ ಅಥವಾ ಕೀಟನಾಶಕ ಕಣ್ಣಿಗೆ ಬಿದ್ದರೆ ಮಾತ್ರ ನೀರಿನ ಲೆಕ್ಕ ಬೇರೆ. ಆಗ ಹತ್ತಿರ ಸಿಗುವ ಶುದ್ಧ ನೀರಿನಿಂದ ಒಡನೆ ತೊಳೆಯಲು ತೊಡಗಿ, ಕನಿಷ್ಠ 15–20 ನಿಮಿಷ ಬಿಡದೆ ತೊಳೆಯಿರಿ. ಲೆನ್ಸ್ ತಾನಾಗಿ ಹೊರಬರದಿದ್ದರೆ ತೆಗೆಯಿರಿ. ನಂತರ ನೇರ ಆಸ್ಪತ್ರೆಗೆ ಹೋಗಿ.

ಕಣ್ಣು ಕೆಂಪಾಗಿ ನೋವು, ನೀರು ಸುರಿಯುವುದು, ಬೆಳಕು ನೋಡಲಾಗದಿರುವುದು, ಮಸುಕು ಕಾಣಿಸಿದರೆ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ. ಲೆನ್ಸನ್ನೂ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ರೋಗಾಣು ಯಾವುದೆಂದು ಪತ್ತೆಹಚ್ಚಲು ನೆರವಾಗುತ್ತದೆ. ಎದೆಹಾಲು, ನಂದಿಬಟ್ಟಲಿನ ರಸ ಹಿಂಡುವುದು ಬೇಡ. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ ಇನ್ನೂ ಅಪಾಯ: ಕೆಂಪು ಇಳಿದಂತೆ ಕಂಡರೂ ಒಳಗೆ ಫಂಗಸ್ ಬೆಳೆಯುತ್ತದೆ.

ಮಕ್ಕಳು ಲೆನ್ಸ್ ಹಾಕುವುದನ್ನು ನಾವು ಬೇಡವೆನ್ನಬೇಕಾಗಿಲ್ಲ. ಅವರು ಊರಿಗೆ ಹೊರಡುವಾಗ ಹಳೆಯ ಕನ್ನಡಕವನ್ನೂ ಚೀಲದಲ್ಲಿ ಹಾಕಿಕೊಂಡು ಬರಲಿ ಎಂದು ಹೇಳೋಣ.